ಓದುವುದೂ ಊದುವುದೂ

(ಅಂತಿಮ ಬಿ.ಎ. ತರಗತಿಯ ವಿದ್ಯಾರ್ಥಿ)

ಹಾಡುವವನಿಗೆ ಪದವಿ ಏತಕ್ಕೆ, ಪದವೀಧರನಿಗೆ ಹಾಡು ಏತಕ್ಕೆ ಎಂಬ ಪ್ರಶ್ನೆಗಳು ನಮ್ಮಲ್ಲಿ ಬಹಳ ಹಳೆಯವು. ಕಾಲೇಜಿನ ಮೆಟ್ಟಿಲು ಹತ್ತಿದವರು ವಾದ್ಯ ನುಡಿಸಿ ಹೊಟ್ಟೆ ಹೊರೆಯುವವನನ್ನು ಕಂಡು, “ಪಾಪ, ವಿದ್ಯೆ ತಲೆಗೆ ಹತ್ತಲಿಲ್ಲ, ಆದುದರಿಂದ ಈ ಕಸುಬು ಹಿಡಿದ” ಎಂದು ಮರುಗುತ್ತಾರೆ. ವಾದ್ಯ ನುಡಿಸುವವರಾದರೋ ಸಂಗೀತದಲ್ಲಿ ಎಂ.ಎ. ಮಾಡಿದವನನ್ನು ಕಂಡು, “ದಡದಲ್ಲಿ ಕುಳಿತು ಪುಸ್ತಕ ನೋಡಿ ಈಜು ಕಲಿತವನು” ಎಂದು ನಗುತ್ತಾರೆ. ಒಬ್ಬರದು ಮರುಕ, ಇನ್ನೊಬ್ಬರದು ನಗು. ಇವೆರಡರ ನಡುವೆ ಸಿಕ್ಕಿಕೊಂಡಿರುವವರು ನನ್ನಂತಹ ಕೆಲವು ವಿದ್ಯಾರ್ಥಿಗಳು. ಓದು, ಊದು ಎಂಬ ಎರಡು ಮಾತುಗಳಿಗೆ ನಡುವೆ ಇರುವ ಅಂತರ ಒಂದು ಸ್ವರಾಕ್ಷರದಷ್ಟು. ಆದರೆ ನಮ್ಮ ಸಮಾಜ ಅವುಗಳ ನಡುವೆ ಎಬ್ಬಿಸಿರುವ ಗೋಡೆ ಬಹಳ ಎತ್ತರವಾದುದು. ಆ ಗೋಡೆ ಅನಾವಶ್ಯಕವೆಂದೂ, ಅದನ್ನು ಕೆಡಹುವ ಕೆಲಸ ಕಾಲೇಜುಗಳಲ್ಲಿಯೇ ಮೊದಲಾಗಬೇಕೆಂದೂ ನನ್ನ ಅಭಿಪ್ರಾಯ.

ಬರಿಯ ತರ್ಕದಿಂದ ಇದನ್ನು ಸಾಧಿಸಹೊರಟರೆ ವಾದಕ್ಕೆ ಪ್ರತಿವಾದ ಬೆಳೆಯುತ್ತ ಹೋದೀತು. ಆದುದರಿಂದ ಒಬ್ಬ ವಾದ್ಯಗಾರರ ಬಾಳನ್ನೇ ವಾಚಕರ ಮುಂದಿಡುತ್ತೇನೆ. ಅವರು ಅಮೆರಿಕಾ ದೇಶದ ಸ್ಯಾಕ್ಸೋಫೋನ್ ವಾದಕ ಯೂಸೆಫ್ ಲತೀಫರು. ನಮಗೆ ಅವರ ಹೆಸರು ಅಷ್ಟಾಗಿ ಪರಿಚಿತವಲ್ಲ. ಆದರೆ ಊರೂರು ಅಲೆದು ನುಡಿಸುತ್ತಿದ್ದವರೊಬ್ಬರು ಐವತ್ತರ ಹತ್ತಿರದಲ್ಲಿ ಬಿ.ಎ. ತರಗತಿಗೆ ಸಮಾನವಾದ ಪದವಿಯನ್ನೂ, ಐವತ್ತನ್ನು ದಾಟಿ ಡಾಕ್ಟರೇಟನ್ನೂ ಪಡೆದರೆಂಬುದು ಯಾವ ದೇಶದ ವಿದ್ಯಾರ್ಥಿಯೇ ಆಗಲಿ ಒಮ್ಮೆ ನಿಂತು ಯೋಚಿಸಬೇಕಾದ ಸಂಗತಿ.

ಮೊದಲು ವಾದ್ಯದ ಮಾತು. ಬೆಲ್ಜಿಯಂ ದೇಶದಲ್ಲಿ ಹುಟ್ಟಿದ ಅಡಾಲ್ಫ್ ಸ್ಯಾಕ್ಸ್ ಎಂಬ ವಾದ್ಯ ತಯಾರಕನು ೧೮೪೬ರಲ್ಲಿ ಪ್ಯಾರಿಸ್ಸಿನಲ್ಲಿ ಸ್ಯಾಕ್ಸೋಫೋನಿಗೆ ಪೇಟೆಂಟ್ ಪಡೆದನು. ಇದರ ಮೈ ಹಿತ್ತಾಳೆಯದು. ಆದರೆ ನಾದವನ್ನು ಹುಟ್ಟಿಸುವುದು ಬಾಯಿಯ ಬಳಿ ಬಿಗಿದಿರುವ ಜೊಂಡಿನ ಒಂದು ತೆಳು ಪಟ್ಟಿ. ಈ ಕಾರಣದಿಂದ ಬಲ್ಲವರು ಇದನ್ನು ಮರದ ಊದುವಾದ್ಯಗಳ ಪಂಗಡಕ್ಕೇ ಸೇರಿಸುತ್ತಾರೆ. ಸೈನ್ಯದ ಬ್ಯಾಂಡುಗಳಿಗೆಂದು ಹುಟ್ಟಿದ ಈ ವಾದ್ಯ ಅಮೆರಿಕಾದ ಕಪ್ಪುಜನರ ಕೈಗೆ ಬಂದ ಮೇಲೆ ಹೊಸ ಜನ್ಮ ತಳೆಯಿತು. ಜಾಸ್ ಎಂದು ಲೋಕವೆಲ್ಲ ಕರೆಯುವ ಸಂಗೀತದಲ್ಲಿ ಅದಕ್ಕೆ ದೊರೆತ ಪಟ್ಟ ಅದರ ಜನಕನ ಕನಸಿನಲ್ಲಿಯೂ ಇದ್ದಿರಲಾರದು.

ಲತೀಫರು ಹುಟ್ಟಿದುದು ೧೯೨೦ರಲ್ಲಿ, ಟೆನೆಸ್ಸೀ ಸಂಸ್ಥಾನದ ಚಾಟನೂಗ ಎಂಬ ಊರಿನಲ್ಲಿ. ಬೆಳೆದುದು ಮೋಟಾರು ಕಾರ್ಖಾನೆಗಳ ಊರಾದ ಡೆಟ್ರಾಯಿಟ್ ನಗರದಲ್ಲಿ. ತರುಣರಾಗಿದ್ದಾಗಲೇ ಸ್ಯಾಕ್ಸೋಫೋನ್ ಹಿಡಿದು ನೃತ್ಯಮೇಳಗಳ ಸಂಗಡ ಊರೂರು ತಿರುಗಿದರು. ೧೯೪೯ರಲ್ಲಿ ಡಿಜ್ಜಿ ಗಿಲೆಸ್ಪಿ ಎಂಬ ಸುಪ್ರಸಿದ್ಧ ತುತ್ತೂರಿ ವಾದಕರ ಮೇಳದಲ್ಲಿ ಅವರಿಗೆ ಸ್ಥಾನ ದೊರೆಯಿತು. ಆ ದಿನಗಳಲ್ಲಿ ಅದಕ್ಕಿಂತ ದೊಡ್ಡ ಅವಕಾಶ ಒಬ್ಬ ತರುಣ ವಾದಕನಿಗೆ ದೊರೆಯುವಂತಿರಲಿಲ್ಲ. ಸರಿಸುಮಾರು ಆ ಕಾಲದಲ್ಲಿಯೇ ಅವರು ಅಹ್ಮದಿಯಾ ಪಂಥದ ಮೂಲಕ ಇಸ್ಲಾಂ ಧರ್ಮವನ್ನು ಸ್ವೀಕರಿಸಿ, ಹುಟ್ಟುಹೆಸರನ್ನು ಬಿಟ್ಟು, ಯೂಸೆಫ್ ಲತೀಫ್ ಎಂಬ ಹೆಸರನ್ನು ಇಟ್ಟುಕೊಂಡರು.

೧೯೫೦ರಲ್ಲಿ ಅವರು ಡೆಟ್ರಾಯಿಟ್ಟಿಗೆ ಹಿಂದಿರುಗಿದರು. ಸಂಸಾರವನ್ನು ನಡೆಸಬೇಕಾಗಿತ್ತು. ಕ್ರೈಸ್ಲರ್ ಕಂಪನಿಯ ಮೋಟಾರು ಕಾರ್ಖಾನೆಯಲ್ಲಿ ಕೂಲಿ ಮಾಡಿದರು. ರಾತ್ರಿಯ ಹೊತ್ತು ಮೇಳ ಕಟ್ಟಿ ನುಡಿಸಿದರು. ಇದರ ನಡುವೆ ಆ ಊರಿನ ವೇಯ್ನ್ ವಿಶ್ವವಿದ್ಯಾನಿಲಯಕ್ಕೆ ಸೇರಿ ಕೊಳಲು ವಾದನವನ್ನೂ ಸಂಗೀತ ರಚನೆಯನ್ನೂ ವ್ಯಾಸಂಗ ಮಾಡಿದರು. ಈ ವಾಕ್ಯವನ್ನು ಓದುವುದು ಸುಲಭ. ಹಗಲು ಯಂತ್ರದ ಮುಂದೆ ನಿಂತ ಮೈಗೆ ಇರುಳು ವಾದ್ಯ ಹಿಡಿಯುವ ಉಸಿರು ಉಳಿದಿರಬೇಕು. ಅದರ ಮೇಲೆ ಪಾಠ ಓದುವ ಕಣ್ಣು ಎಚ್ಚರವಾಗಿರಬೇಕು. ನಮ್ಮ ತರಗತಿಯಲ್ಲಿಯೂ ಮುಂಜಾನೆ ಹಾಲು ಹಾಕಿ, ಪೇಪರು ಹಂಚಿ, ಸಂಜೆ ಅಂಗಡಿಯಲ್ಲಿ ಪೊಟ್ಟಣ ಕಟ್ಟಿ ಓದುತ್ತಿರುವ ಗೆಳೆಯರಿದ್ದಾರೆ. ಆ ವಾಕ್ಯದ ಭಾರ ಅವರಿಗೆ ಚೆನ್ನಾಗಿ ತಿಳಿದೀತು.

೧೯೫೭ರಿಂದ ಅವರ ಹೆಸರಿನಲ್ಲಿಯೇ ಧ್ವನಿಮುದ್ರಿಕೆಗಳು ಹೊರಬರತೊಡಗಿದವು. ಸ್ಯಾಕ್ಸೋಫೋನು, ಕೊಳಲು ಸಾಲದೆ, ಪಾಶ್ಚಾತ್ಯ ವಾದ್ಯಗೋಷ್ಠಿಯ ಓಬೋ ಎಂಬ ವಾದ್ಯವನ್ನು ಗುರುವಿನ ಬಳಿ ಕಲಿತರು. ಅರಬ್ ನಾಡಿನ ವಾದ್ಯಗಳನ್ನೂ, ನಮ್ಮ ಶಹನಾಯಿಯನ್ನೂ ಕೂಡ ತಮ್ಮ ಮೇಳಕ್ಕೆ ತಂದರು. ಬಿದಿರಿನ ಕೊಳಲುಗಳನ್ನು ತಾವೇ ಕೊರೆದು ಮಾಡಿಕೊಂಡರು. ೧೯೬೦ರಲ್ಲಿ ನ್ಯೂಯಾರ್ಕಿಗೆ ಬಂದರು. ೧೯೬೧ರ “ಈಸ್ಟರ್ನ್ ಸೌಂಡ್ಸ್” ಎಂಬ ಧ್ವನಿಮುದ್ರಿಕೆ ಇಂದಿಗೂ ರಸಿಕರು ಹುಡುಕಿ ಕೇಳುವಂಥದು. ೧೯೬೨ರಿಂದ ಎರಡು ವರ್ಷ ಕ್ಯಾನನ್‌ಬಾಲ್ ಆಡರ್ಲಿ ಎಂಬ ಸ್ಯಾಕ್ಸೋಫೋನ್ ವಾದಕರ ಮೇಳದಲ್ಲಿದ್ದು, ಯೂರೋಪು, ಜಪಾನುಗಳನ್ನು ಸುತ್ತಿಬಂದರು. ಹೀಗೆ ನಲವತ್ತೈದು ವರ್ಷ ತುಂಬುವ ಹೊತ್ತಿಗೆ ವಾದ್ಯಗಾರನೊಬ್ಬ ಬಯಸುವ ಹೆಸರು, ಸಂಚಾರ, ಧ್ವನಿಮುದ್ರಿಕೆ ಎಲ್ಲವೂ ಅವರಿಗೆ ಒದಗಿದ್ದುವು.

ನಮ್ಮಲ್ಲಾಗಿದ್ದರೆ ಅಲ್ಲಿಗೆ ವಿದ್ಯಾಭ್ಯಾಸ ಮುಗಿಯಿತೆಂದು ಶಾಲು ಹೊದಿಸಿ ಹಾರ ಹಾಕಿಬಿಡುತ್ತಿದ್ದೆವು. ಲತೀಫರು ಮಾಡಿದುದೇ ಬೇರೆ. ಅವರು ನ್ಯೂಯಾರ್ಕಿನ ಮ್ಯಾನ್‌ಹಟನ್ ಸಂಗೀತ ಶಾಲೆಗೆ ವಿದ್ಯಾರ್ಥಿಯಾಗಿ ಸೇರಿದರು. ಅಟ್ಲಾಂಟಿಕ್‌ನಂತಹ ದೊಡ್ಡ ಕಂಪನಿ ಅವರ ಧ್ವನಿಮುದ್ರಿಕೆಗಳನ್ನು ಹೊರತರುತ್ತಿದ್ದ ದಿನಗಳಲ್ಲಿಯೇ ಅವರು ತಮಗಿಂತ ಇಪ್ಪತ್ತೈದು ಮೂವತ್ತು ವರ್ಷ ಚಿಕ್ಕವರ ಸಾಲಿನ ಪದವಿಗೆ ಓದುತ್ತಿದ್ದರು. ೧೯೬೯ರಲ್ಲಿ ಮೊದಲ ಪದವಿ, ೧೯೭೦ರಲ್ಲಿ ಸಂಗೀತ ಶಿಕ್ಷಣದಲ್ಲಿ ಸ್ನಾತಕೋತ್ತರ ಪದವಿ. ಅಲ್ಲಿಗೂ ನಿಲ್ಲದೆ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾನಿಲಯದ ಆಮ್‌ಹರ್ಸ್ಟ್ ಕೇಂದ್ರದಲ್ಲಿ ೧೯೭೫ರಲ್ಲಿ ಶಿಕ್ಷಣಶಾಸ್ತ್ರದ ಡಾಕ್ಟರೇಟ್ ಪಡೆದರು. ಆಗ ಅವರಿಗೆ ವಯಸ್ಸು ಐವತ್ತನಾಲ್ಕು.

ಅವರ ಪ್ರಬಂಧದ ವಿಷಯವನ್ನು ಗಮನಿಸಬೇಕು. ಸ್ಯಾಕ್ಸೋಫೋನಿನ ಮೇಲೆಯೇ ಬರೆದು ಸುಲಭವಾಗಿ ಮುಗಿಸಬಹುದಾಗಿತ್ತು. ಅವರು ಆರಿಸಿಕೊಂಡದ್ದು ಪಾಶ್ಚಾತ್ಯ ಶಿಕ್ಷಣ ಪದ್ಧತಿ ಮತ್ತು ಇಸ್ಲಾಮೀ ಶಿಕ್ಷಣ ಪದ್ಧತಿಗಳ ಸಮೀಕ್ಷೆ. ಕಲಿಯುವುದು ಎಂದರೇನು, ಕಲಿಸುವುದು ಎಂದರೇನು ಎಂಬ ಮೂಲ ಪ್ರಶ್ನೆಗೆ ಅವರು ಕೈಹಾಕಿದರು. ಮೂವತ್ತು ವರ್ಷ ವೇದಿಕೆಯ ಮೇಲೆ ನಿಂತು ಕಲಿತವನಿಗೆ ಮಾತ್ರ ಈ ಪ್ರಶ್ನೆ ಇಷ್ಟು ಗಾಢವಾಗಿ ತೋರಬಲ್ಲುದು. ಪುಸ್ತಕದಿಂದ ಪುಸ್ತಕಕ್ಕೆ ಹಾರುವ ನಮ್ಮಂಥವರಿಗೆ ಅದು ಪರೀಕ್ಷೆಯಲ್ಲಿ ಹತ್ತು ಅಂಕಗಳ ಪ್ರಶ್ನೆಯಾಗಿ ಮಾತ್ರ ಕಾಣಿಸುತ್ತದೆ.

ಇಲ್ಲಿ ಇನ್ನೊಂದು ಐತಿಹಾಸಿಕ ಸಂಗತಿಯನ್ನು ಹೇಳದಿದ್ದರೆ ಚಿತ್ರ ಪೂರ್ಣವಾಗದು. ಅಮೆರಿಕಾದಲ್ಲಿ ಈ ಸಂಗೀತಕ್ಕೆ ಮೊತ್ತಮೊದಲು ಪದವಿ ತರಗತಿ ತೆರೆದುದು ಟೆಕ್ಸಾಸ್ ಸಂಸ್ಥಾನದ ಒಂದು ಸರ್ಕಾರಿ ಕಾಲೇಜು, ೧೯೪೭ರಲ್ಲಿ. ಇಂದು ಅದು ಉತ್ತರ ಟೆಕ್ಸಾಸ್ ವಿಶ್ವವಿದ್ಯಾನಿಲಯ. ಆದರೆ “ಜಾಸ್” ಎಂಬ ಮಾತು ಗೌರವಸ್ಥರ ಬಾಯಲ್ಲಿ ಬರುವಂಥದಲ್ಲವೆಂದು ಆ ತರಗತಿಗೆ “ನೃತ್ಯಮೇಳ” ಎಂಬರ್ಥದ ಹೆಸರಿಟ್ಟರು. ಇದಕ್ಕಿಂತ ವಿಷಾದಕರವಾದುದೆಂದರೆ, ೧೯೫೦ರ ದಶಕದ ನಡುಭಾಗದವರೆಗೆ ಆ ಕಾಲೇಜಿನಲ್ಲಿ ಕಪ್ಪುಜನರ ಮಕ್ಕಳಿಗೆ ಪ್ರವೇಶವೇ ಇರಲಿಲ್ಲ. ಸಂಗೀತವನ್ನು ಹುಟ್ಟಿಸಿದವರು ಬಾಗಿಲ ಹೊರಗೆ, ಅವರ ಸಂಗೀತ ಪಠ್ಯಕ್ರಮವಾಗಿ ಬಾಗಿಲ ಒಳಗೆ! ಲತೀಫರು ಪದವಿಯ ಬೆನ್ನು ಹತ್ತಿದುದನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ತಮ್ಮ ಜನ ಕಟ್ಟಿದ ವಿದ್ಯೆಯನ್ನು ಕುರಿತು ಅಧಿಕಾರವಾಣಿಯಿಂದ ಮಾತನಾಡುವ ಪೀಠ ಬೇರೆಯವರಿಗೇ ಏಕೆ ಮೀಸಲಾಗಬೇಕು?

ಜಾಸ್ ಎಂಬ ಮಾತನ್ನು ಲತೀಫರೂ ಒಪ್ಪಲಿಲ್ಲ. ಆದರೆ ಅವರ ಕಾರಣ ಟೆಕ್ಸಾಸಿನವರ ಕಾರಣಕ್ಕೆ ತೀರ ವಿರುದ್ಧವಾದುದು. ಆ ಹೆಸರಿನಲ್ಲಿ ಕೀಳುಗಣಿಕೆಯ ವಾಸನೆ ಇದೆಯೆಂದು ಅವರ ಭಾವನೆ. ದೇಹ, ಮನಸ್ಸು, ಆತ್ಮ ಈ ಮೂರೂ ಒಂದಾಗಿ ತನ್ನೊಳಗಿನಿಂದ ಹೊಮ್ಮುವ ಸಂಗೀತ ಎಂಬ ಅರ್ಥ ಕೊಡುವ ಒಂದು ಉದ್ದನೆಯ ಪದವನ್ನು ಅವರೇ ಟಂಕಿಸಿ ಬಳಸಿದರು. ಬೇರೆಯವರು ಹಚ್ಚಿದ ಚೀಟಿಯನ್ನು ಕಿತ್ತು ತನ್ನ ಹೆಸರನ್ನು ತಾನೇ ಬರೆದುಕೊಳ್ಳುವ ಧೈರ್ಯ ಇದು.

ಪದವಿಯಿಂದ ಅವರಿಗೇನು ದೊರೆಯಿತು? ನಾದ ದೊರೆಯಲಿಲ್ಲ, ಅದು ಅವರಿಗೆ ಮೊದಲೇ ಇತ್ತು. ದೊರೆತುದು ಇವು: ನ್ಯೂಯಾರ್ಕಿನ ಕಾಲೇಜುಗಳಲ್ಲಿ ಅಧ್ಯಾಪಕ ವೃತ್ತಿ, ತಾವು ಬಲ್ಲುದನ್ನು ಕ್ರಮಬದ್ಧವಾಗಿ ಬರೆದಿಡುವ ಶಿಸ್ತು. ಲೋಕದ ನಾನಾ ಕಡೆಯ ಸ್ವರಶ್ರೇಣಿಗಳನ್ನು ಒಟ್ಟುಗೂಡಿಸಿದ ಅವರ ಗ್ರಂಥ ೧೯೮೧ರಲ್ಲಿ ಹೊರಬಂದಿತು. ಅದೇ ವರ್ಷ ನೈಜೀರಿಯಾ ದೇಶದ ಜಾರಿಯಾ ನಗರದ ಅಹ್ಮದು ಬೆಲ್ಲೊ ವಿಶ್ವವಿದ್ಯಾನಿಲಯಕ್ಕೆ ಸಂಶೋಧಕರಾಗಿ ಹೋಗಿ, ೧೯೮೫ರವರೆಗೆ ಅಲ್ಲಿದ್ದು, ಫುಲಾನಿ ದನಗಾಹಿಗಳು ನುಡಿಸುವ ಕೊಳಲನ್ನು ಅಧ್ಯಯನ ಮಾಡಿದರು. ಡಾಕ್ಟರೇಟ್ ಪಡೆದವರು ದನಗಾಹಿಯ ಕೊಳಲಿನ ಮುಂದೆ ಮತ್ತೆ ಶಿಷ್ಯರಾಗಿ ಕುಳಿತ ಈ ಚಿತ್ರ ನನಗೆ ಬಹಳ ಪ್ರಿಯವಾದುದು. ಪದವಿ ಅವರ ತಲೆಯನ್ನು ಎತ್ತರ ಮಾಡಲಿಲ್ಲ, ಕಿವಿಯನ್ನು ಅಗಲ ಮಾಡಿತು.

ಇನ್ನೊಂದು ಲಾಭವೂ ಇದೆ. ೧೯೮೦ರ ಸುಮಾರಿಗೆ ಅವರು ಮದ್ಯ ಮಾರುವ ಸ್ಥಳಗಳಲ್ಲಿ ತಾವು ನುಡಿಸುವುದಿಲ್ಲವೆಂದು ನಿಶ್ಚಯಿಸಿದರು. ಅಮೆರಿಕಾದಲ್ಲಿ ಈ ಸಂಗೀತದ ಅನ್ನ ಬಹುಮಟ್ಟಿಗೆ ಅಂತಹ ಸ್ಥಳಗಳಿಂದಲೇ ಬರುತ್ತಿತ್ತು. ಹಾಗಿದ್ದೂ “ಒಲ್ಲೆ” ಎನ್ನುವ ಸ್ವಾತಂತ್ರ್ಯ ಅವರಿಗೆ ಬಂದುದರಲ್ಲಿ ಅಧ್ಯಾಪಕ ವೃತ್ತಿಯ ಪಾಲೂ ಇದ್ದಿರಬೇಕೆಂದು ನಾನು ಊಹಿಸುತ್ತೇನೆ. ಓದು ಕಲಾವಿದನಿಗೆ ಕೊಡುವ ದೊಡ್ಡ ಕಾಣಿಕೆ ಇದು. ಎಲ್ಲಿ ನುಡಿಸಬೇಕು, ಯಾರ ಮುಂದೆ ನುಡಿಸಬಾರದು ಎಂದು ತೀರ್ಮಾನಿಸುವ ಹಕ್ಕು ಹಸಿದವನಿಗೆ ಸುಲಭವಾಗಿ ಬರುವುದಿಲ್ಲ. ಮುಂದೆ ಅವರು ಆಮ್‌ಹರ್ಸ್ಟಿನಲ್ಲಿ ಬಹುಕಾಲ ಪಾಠ ಹೇಳಿದರು. ೧೯೮೭ರ ಒಂದು ಧ್ವನಿಮುದ್ರಿಕೆಗೆ ಗ್ರ್ಯಾಮಿ ಪ್ರಶಸ್ತಿ ಬಂದಿತು. ೨೦೧೩ರ ಡಿಸೆಂಬರಿನಲ್ಲಿ, ತೊಂಬತ್ತಮೂರನೆಯ ವಯಸ್ಸಿನಲ್ಲಿ ಕಾಲವಾದರು.

ಇದನ್ನು ಓದುತ್ತಿರುವ ಕನ್ನಡಿಗರ ಮನಸ್ಸಿನಲ್ಲಿ ಈಗಾಗಲೇ ಇನ್ನೊಂದು ಹೆಸರು ಮೂಡಿರಬೇಕು. ಸ್ಯಾಕ್ಸೋಫೋನ್ ಎಂದೊಡನೆ ನಮ್ಮ ನಾಡಿನಲ್ಲಿ ನೆನಪಾಗುವವರು ಕದ್ರಿ ಗೋಪಾಲನಾಥರು. ೧೯೪೯ರಲ್ಲಿ ಬಂಟ್ವಾಳ ತಾಲ್ಲೂಕಿನ ಸಜಿಪಮೂಡ ಗ್ರಾಮದಲ್ಲಿ ಜನಿಸಿದ ಅವರಿಗೆ ಮೊದಲ ಗುರು ತಂದೆ ತನಿಯಪ್ಪನವರು, ನಾಗಸ್ವರ ವಿದ್ವಾಂಸರು. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನನ್ನು ಕೇಳಿ ಮನಸೋತ ಹುಡುಗ, ಕರ್ನಾಟಕ ಸಂಗೀತವನ್ನು ಅದರಲ್ಲಿ ನುಡಿಸಿಯೇ ತೀರುವೆನೆಂದು ಹೊರಟರು. ಮಂಗಳೂರಿನ ಕಲಾನಿಕೇತನದ ಗೋಪಾಲಕೃಷ್ಣ ಅಯ್ಯರ್, ಅನಂತರ ಮದರಾಸಿನ ಟಿ. ವಿ. ಗೋಪಾಲಕೃಷ್ಣನ್ ಅವರ ಬಳಿ ಅಭ್ಯಾಸ ಮಾಡಿದರು. ವಾದ್ಯ ಕೈವಶವಾಗುವುದಕ್ಕೆ ಹತ್ತಿರ ಹತ್ತಿರ ಇಪ್ಪತ್ತು ವರ್ಷ ಹಿಡಿಯಿತು.

ಇಪ್ಪತ್ತು ವರ್ಷ ಏಕೆ? ನಾಗಸ್ವರದ ರಂಧ್ರಗಳು ತೆರೆದವು. ಬೆರಳನ್ನು ಅರ್ಧ ಸರಿಸಿ, ಕಾಲು ಮುಚ್ಚಿ ಸ್ವರವನ್ನು ತೂಗಬಹುದು, ಜಾರಿಸಬಹುದು. ಸ್ಯಾಕ್ಸೋಫೋನಿನಲ್ಲಾದರೋ ಬೆರಳಿಗೂ ರಂಧ್ರಕ್ಕೂ ನಡುವೆ ಕೀಲಿಗಳಿವೆ. ಕೀಲಿ ಒತ್ತಿದರೆ ಒಂದು ಸ್ವರ, ಬಿಟ್ಟರೆ ಇನ್ನೊಂದು. ಒಂದು ಸ್ವರದಿಂದ ಇನ್ನೊಂದಕ್ಕೆ ಮೆಟ್ಟಿಲಿಳಿದಂತೆ ಇಳಿಯುವುದಕ್ಕೆ ಮಾಡಿದ ಯಂತ್ರದಲ್ಲಿ, ಗಮಕದ ಇಳಿಜಾರನ್ನು ತುಟಿಯ ಒತ್ತಡದಿಂದಲೂ ಉಸಿರಿನ ಹದದಿಂದಲೂ ಕಟ್ಟಬೇಕು. ಇದಕ್ಕೆ ಪಠ್ಯಪುಸ್ತಕವಿರಲಿಲ್ಲ, ಪರೀಕ್ಷೆ ಇರಲಿಲ್ಲ. ೧೯೮೦ರಲ್ಲಿ ಮುಂಬಯಿಯ ಜಾಸ್ ಉತ್ಸವದಲ್ಲಿ ಅವರನ್ನು ಕೇಳಿದ ಅಮೆರಿಕಾದ ವಾದಕ ಜಾನ್ ಹ್ಯಾಂಡಿ ಅವರೊಡನೆ ಕೂಡಿ ನುಡಿಸಿದರು. ೧೯೯೪ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನ ಬಿ.ಬಿ.ಸಿ. ಪ್ರಾಮ್ಸ್ ಸಂಗೀತೋತ್ಸವಕ್ಕೆ ಆಹ್ವಾನ ಬಂದಿತು. ಕರ್ನಾಟಕ ಸಂಗೀತಗಾರರಲ್ಲಿ ಆ ಗೌರವ ಅವರಿಗೇ ಮೊದಲು. ೨೦೦೪ರಲ್ಲಿ ಪದ್ಮಶ್ರೀ ಪ್ರಶಸ್ತಿಯೂ, ಬೆಂಗಳೂರು ವಿಶ್ವವಿದ್ಯಾನಿಲಯದ ಗೌರವ ಡಾಕ್ಟರೇಟೂ ಬಂದವು. ೨೦೧೯ರ ಅಕ್ಟೋಬರ್ ೧೧ರಂದು ಅವರು ಮಂಗಳೂರಿನಲ್ಲಿ ನಿಧನರಾದರು.

ಲತೀಫರು ಡಾಕ್ಟರೇಟಿನ ಬಳಿಗೆ ತಾವೇ ನಡೆದುಹೋದರು. ಗೋಪಾಲನಾಥರ ಬಳಿಗೆ ಡಾಕ್ಟರೇಟೇ ನಡೆದು ಬಂದಿತು. ಎರಡೂ ಸಂತೋಷದ ಸಂಗತಿಗಳೇ. ಆದರೆ ಎರಡನೆಯದನ್ನು ಕುರಿತು ಒಂದು ಮಾತು ಕೇಳುವ ಮನಸ್ಸಾಗುತ್ತದೆ. ಕಲಾವಿದನು ಸಾಧಿಸಿ ಮುಗಿಸಿದ ಮೇಲೆ ಗೌನು ತೊಡಿಸುವ ಉತ್ಸಾಹ ನಮ್ಮ ವಿದ್ಯಾಸಂಸ್ಥೆಗಳಿಗಿದೆ. ಅವನು ಮೂವತ್ತರ ಪ್ರಾಯದಲ್ಲಿ ಬಾಗಿಲು ತಟ್ಟಿ, “ನನಗೆ ಕಲಿಸಲು ಒಂದು ಕೊಠಡಿ ಕೊಡಿ, ಓದಲು ಒಂದು ಪುಸ್ತಕ ಕೊಡಿ” ಎಂದರೆ ಅಷ್ಟೇ ಉತ್ಸಾಹ ನಮ್ಮಲ್ಲಿರುತ್ತದೆಯೇ?

ಈ ಎರಡು ದಾರಿಗಳು ಎಲ್ಲಿಯೋ ಒಂದು ಕಡೆ ಕೂಡಿದುದಕ್ಕೂ ನಿದರ್ಶನವಿದೆ. ರುದ್ರೇಶ್ ಮಹಂತಪ್ಪ ಎಂಬವರು ೧೯೭೧ರಲ್ಲಿ ಇಟಲಿಯಲ್ಲಿ ಹುಟ್ಟಿ ಅಮೆರಿಕಾದಲ್ಲಿ ಬೆಳೆದ, ಭಾರತೀಯ ತಂದೆತಾಯಿಯರ ಮಗ. ತಂದೆ ಭೌತವಿಜ್ಞಾನದ ಪ್ರಾಧ್ಯಾಪಕರು. ಮಗ ಸ್ಯಾಕ್ಸೋಫೋನ್ ಹಿಡಿದು, ಮೇಲೆ ಹೇಳಿದ ಉತ್ತರ ಟೆಕ್ಸಾಸ್ ವಿಶ್ವವಿದ್ಯಾನಿಲಯ, ಬಾಸ್ಟನ್ನಿನ ಬರ್ಕ್ಲೀ ಕಾಲೇಜು, ಷಿಕಾಗೋದ ಡಿಪಾಲ್ ವಿಶ್ವವಿದ್ಯಾನಿಲಯ, ಹೀಗೆ ಒಂದಾದಮೇಲೊಂದರಂತೆ ಸಂಗೀತವನ್ನು ಪದವಿಗಾಗಿಯೇ ಓದಿದರು. ಬರ್ಕ್ಲೀಯಲ್ಲಿದ್ದಾಗ ಅಣ್ಣ ತಮಾಷೆಗೆಂದು ಕದ್ರಿಯವರ ಒಂದು ಧ್ವನಿಮುದ್ರಿಕೆಯನ್ನು ಕೊಟ್ಟರು. ತಮಾಷೆ ತಮ್ಮನ ಪಾಲಿಗೆ ಪಾಠವಾಯಿತು. ಅದೇ ವಾದ್ಯ, ಆದರೆ ತನ್ನ ಯಾವ ಪ್ರಾಧ್ಯಾಪಕನೂ ತೋರಿಸದಿದ್ದ ನಾದ! ಮುಂದೆ ಅವರು ಗೋಪಾಲನಾಥರನ್ನು ಕಂಡು, ಅವರೊಡನೆ ಕಲೆತು ಮಾಡಿದ “ಕಿನ್ಸ್‌ಮನ್” ಎಂಬ ಧ್ವನಿಮುದ್ರಿಕೆ ೨೦೦೮ರಲ್ಲಿ ಹೊರಬಂದಿತು. ಅದರಲ್ಲಿ ಪಿಟೀಲು ನುಡಿಸಿದವರು ಎ. ಕನ್ಯಾಕುಮಾರಿಯವರು. ಹೆಸರಿನ ಅರ್ಥ “ಬಂಧುಗಳು” ಎಂದು. ೨೦೧೬ರಲ್ಲಿ ಮಹಂತಪ್ಪನವರು ಪ್ರಿನ್ಸ್‌ಟನ್ ವಿಶ್ವವಿದ್ಯಾನಿಲಯದ ಜಾಸ್ ವಿಭಾಗದ ನಿರ್ದೇಶಕರಾದರು. ಕಾಲೇಜಿನ ಓದು ಗುರುಮುಖದ ವಿದ್ಯೆಯ ಮುಂದೆ ಕೈಕಟ್ಟಿ ಕುಳಿತಿತು. ಗುರುಮುಖದ ವಿದ್ಯೆ ಕಾಲೇಜಿನ ಓದನ್ನು ಬಂಧುವೆಂದು ಬರಮಾಡಿಕೊಂಡಿತು.

ಈಗ ನಮ್ಮ ಮನೆಯ ಮಾತಿಗೆ ಬರುತ್ತೇನೆ. ನನ್ನ ತಂದೆ ಓಲಗದವರು. ಮದುವೆಯ ಮನೆಗಳಲ್ಲಿಯೂ ದೇವಸ್ಥಾನದ ಉತ್ಸವಗಳಲ್ಲಿಯೂ ನಾಗಸ್ವರ ನುಡಿಸುತ್ತಾರೆ. ನಮ್ಮ ಮನೆತನದಲ್ಲಿ ಕಾಲೇಜನ್ನು ಕಂಡವನು ನಾನೇ ಮೊದಲನೆಯವನು. “ಊದೋದು ನನ್ನ ತಲೆಗೇ ಮುಗೀಲಿ ಮಗಾ, ನೀನು ಓದು” ಎಂಬುದು ಅಪ್ಪ ನನಗೆ ಕೊಟ್ಟ ಮೊದಲ ಉಪದೇಶ. ಅವರು ಹಾಗೆ ಹೇಳಿದುದಕ್ಕೆ ಕಾರಣವಿದೆ. ಮುಹೂರ್ತಕ್ಕೆ ಗಟ್ಟಿಮೇಳ ಒಂದು ಕ್ಷಣ ತಪ್ಪಿದರೆ ಸಭೆಯೆಲ್ಲ ಅವರತ್ತ ತಿರುಗುತ್ತದೆ. ಗಂಟೆಗಟ್ಟಲೆ ನುಡಿಸಿದ ರಾಗವನ್ನು ಯಾರೂ ಕೇಳಿರುವುದಿಲ್ಲ. ಊಟಕ್ಕೆ ಕೊನೆಯ ಪಂಕ್ತಿ. ಲಗ್ನದ ಕಾಲದಲ್ಲಿ ಕೈತುಂಬ ಕೆಲಸ, ಆಷಾಢದಲ್ಲಿ ಸಾಲ. ಹೀಗಿರುವಲ್ಲಿ ಯಾವ ತಂದೆ ತಾನೆ ಮಗನಿಗೆ ವಾದ್ಯ ಹಿಡಿ ಎಂದಾನು?

ಒಂದು ಕಚೇರಿಯ ಅರ್ಜಿಯಲ್ಲಿ “ತಂದೆಯ ಉದ್ಯೋಗ” ಎಂಬ ಅಂಕಣವಿತ್ತು. ಕೃಷಿ, ಕೂಲಿ, ವ್ಯಾಪಾರ, ಸರ್ಕಾರಿ ನೌಕರಿ, ಇತರೆ ಎಂದು ಐದು ಮನೆಗಳು. ನಾನು ನಾಗಸ್ವರ ವಾದನ ಎಂದು ಬರೆಯಹೋದಾಗ ಮೇಜಿನ ಆಚೆಗಿದ್ದವರು, “ಅದೆಲ್ಲ ಬರೆಯೋ ಹಾಗಿಲ್ಲ, ಇತರೆಗೆ ಗುರುತು ಹಾಕು” ಎಂದರು. ಬೆಳಗಿನ ಜಾವಕ್ಕೆ ಭೂಪಾಳ ಯಾವುದು, ರಾತ್ರಿಯ ಶಯನೋತ್ಸವಕ್ಕೆ ನೀಲಾಂಬರಿ ಯಾವುದು, ದೇವರು ಹೊರಡುವಾಗ ಮಲ್ಲಾರಿ ಹೇಗೆ ಎಂದು ಬಲ್ಲವರ ವಿದ್ಯೆಗೆ ನಮ್ಮ ಪಟ್ಟಿಗಳಲ್ಲಿರುವ ಹೆಸರು “ಇತರೆ”. ಲತೀಫರು ಬೇರೆಯವರು ಹಚ್ಚಿದ ಹೆಸರನ್ನು ಏಕೆ ಕಿತ್ತೆಸೆದರೆಂಬುದು ನನಗೆ ಅರ್ಥವಾಗುವುದು ಇಲ್ಲಿ.

ಅಪ್ಪನ ಮಾತಿನ ಅರ್ಧವನ್ನು ನಾನು ಶಿರಸಾವಹಿಸಿ ನಡೆಸಿದ್ದೇನೆ, ಓದಿದ್ದೇನೆ. ಉಳಿದರ್ಧವನ್ನು, ಎಂದರೆ ಊದುವುದು ಅವರಿಗೇ ಮುಗಿಯಲಿ ಎಂಬುದನ್ನು, ಒಪ್ಪಲಾರೆ. ಇತಿಹಾಸ, ಅರ್ಥಶಾಸ್ತ್ರ, ಐಚ್ಛಿಕ ಕನ್ನಡಗಳನ್ನು ಓದಿದ ಮಾತ್ರಕ್ಕೆ ಒಂದು ಮನೆತನದ ಉಸಿರು ನಿಲ್ಲಬೇಕೆಂದು ಯಾವ ಶಾಸ್ತ್ರವೂ ಹೇಳುವುದಿಲ್ಲ. ಬಿ.ಎಡ್. ಮಾಡಿ ಉಪಾಧ್ಯಾಯನಾಗಬೇಕೆಂಬುದು ನನ್ನ ಅಪೇಕ್ಷೆ. ಸಂಬಳ ಬರುವ ಕೈಯಲ್ಲಿ ನಾಗಸ್ವರವಿದ್ದರೆ, ಕೊನೆಯ ಪಂಕ್ತಿಗೆ ಕಾಯುವ ಅಗತ್ಯ ಅದಕ್ಕಿರುವುದಿಲ್ಲ.

ಇದಕ್ಕೆ ಎರಡು ಆಕ್ಷೇಪಣೆಗಳು ಬರಬಹುದು. ಮೊದಲನೆಯದು: ಕಾಲೇಜು ಎಲ್ಲರನ್ನೂ ಒಂದೇ ಅಚ್ಚಿಗೆ ಹಾಕುತ್ತದೆ; ಅಲ್ಲಿ ಕಲಿತವರ ವಾದನವೆಲ್ಲ ಒಂದೇ ಬಗೆಯಾಗಿ ಕೇಳಿಸುತ್ತದೆ. ಇದರಲ್ಲಿ ನಿಜಾಂಶವಿದೆ. ಅಂಕಗಳಿಗಾಗಿ ನುಡಿಸಿದ ರ‍ಾಗಕ್ಕೆ ಅಂಕಗಳಷ್ಟೇ ಬೆಲೆ. ಆದರೆ ಲತೀಫರ ನಾದ ಪದವಿಯಿಂದ ಸವೆಯಲಿಲ್ಲ. ಏಕೆಂದರೆ ಅವರು ನಾದವನ್ನು ಕಟ್ಟಿಕೊಂಡು ಕಾಲೇಜಿಗೆ ಹೋದರು, ಕಾಲೇಜು ನಾದವನ್ನು ಕೊಡಲೆಂದು ಕಾಯಲಿಲ್ಲ. ಅಚ್ಚಿನ ಭಯವಿರುವುದು ಬರಿಗೈಯಲ್ಲಿ ಹೋದವನಿಗೆ. ಎರಡನೆಯ ಆಕ್ಷೇಪಣೆ: ಹೊಟ್ಟೆಗಿಲ್ಲದವನಿಗೆ ಸಂಗೀತದ ಪದವಿಯಿಂದ ಪ್ರಯೋಜನವೇನು? ಇದು ಗಂಭೀರವಾದ ಮಾತು. ಎಲ್ಲರೂ ಸಂಗೀತದಲ್ಲಿಯೇ ಪದವಿ ಪಡೆಯಲಿ ಎಂದು ನಾನು ಹೇಳುತ್ತಿಲ್ಲ. ಮೈಸೂರಿನಲ್ಲಿ ಗಂಗೂಬಾಯಿ ಹಾನಗಲ್ಲರ ಹೆಸರಿನ ಸಂಗೀತ ವಿಶ್ವವಿದ್ಯಾನಿಲಯವೇ ಇದೆ. ಬೇಕಾದವರು ಅಲ್ಲಿಗೆ ಹೋಗಬಹುದು. ನನ್ನ ಕೋರಿಕೆ ನಮ್ಮದರಂತಹ ಸಾಮಾನ್ಯ ಕಲಾ ಕಾಲೇಜಿಗೆ ಸಂಬಂಧಿಸಿದ್ದು. “ಕಲಾ” ಎಂಬ ಮಾತು ನಮ್ಮ ಕಾಲೇಜಿನ ಹೆಸರಿನಲ್ಲಿದೆ. ಅದು ಹೆಸರಿನಲ್ಲಿ ಮಾತ್ರ ಉಳಿಯಬಾರದು.

ಆ ಕೋರಿಕೆಗಳು ಮೂರು. ಮೊದಲನೆಯದು ಅಧಿಕಾರಿಗಳಿಗೆ. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು ೨೦೨೨ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ, ತಮ್ಮ ಕ್ಷೇತ್ರದಲ್ಲಿ ದೀರ್ಘಕಾಲ ಪಳಗಿದ ತಜ್ಞರನ್ನು ಪದವಿಗಳಿಲ್ಲದಿದ್ದರೂ ಉನ್ನತ ಶಿಕ್ಷಣ ಸಂಸ್ಥೆಗಳು ಪ್ರಾಧ್ಯಾಪಕರನ್ನಾಗಿ ಕರೆಸಿಕೊಳ್ಳಬಹುದು. ಮಂಜೂರಾದ ಹುದ್ದೆಗಳ ನೂರಕ್ಕೆ ಹತ್ತರವರೆಗೆ ಇದಕ್ಕೆ ಅವಕಾಶವಿದೆ. ಅಮೆರಿಕಾದಲ್ಲಿ ಲತೀಫರು ಡಾಕ್ಟರೇಟ್ ಪಡೆದ ವಿಶ್ವವಿದ್ಯಾನಿಲಯವೇ ಮ್ಯಾಕ್ಸ್ ರೋಚ್ ಎಂಬ ಡ್ರಮ್ ವಾದಕರನ್ನು ೧೯೭೦ರ ದಶಕದಲ್ಲಿ ಪ್ರಾಧ್ಯಾಪಕರನ್ನಾಗಿ ಕರೆಸಿಕೊಂಡಿತ್ತು. ನಮ್ಮಲ್ಲಿ ಕಾಗದದ ಮೇಲೆ ತೆರೆದಿರುವ ಬಾಗಿಲು ನೆಲದ ಮೇಲೆಯೂ ತೆರೆಯಲಿ. ಒಬ್ಬ ನಾಗಸ್ವರ ವಾದಕರು, ಒಬ್ಬ ತತ್ವಪದಕಾರರು, ವರ್ಷಕ್ಕೆ ಒಂದು ತಿಂಗಳಾದರೂ ನಮ್ಮ ಕೊಠಡಿಯಲ್ಲಿ ಪಾಠ ಹೇಳಲಿ.

ಎರಡನೆಯದು ನಮ್ಮ ಸಾಂಸ್ಕೃತಿಕ ಸಂಘಕ್ಕೆ. ವಾರ್ಷಿಕೋತ್ಸವಕ್ಕೆ ಬರುವ ಗಣ್ಯರನ್ನು ಎದುರುಗೊಳ್ಳಲು ಓಲಗದವರನ್ನು ಕರೆಸುತ್ತೇವೆ. ಗಣ್ಯರು ವೇದಿಕೆಯನ್ನೇರಿದೊಡನೆ ಓಲಗ ನಿಲ್ಲುತ್ತದೆ. ನುಡಿಸಿದವರು ಸಭಾಂಗಣದ ಹೊರಗೆ ಮರದ ನೆರಳಿನಲ್ಲಿ ಕುಳಿತಿರುತ್ತಾರೆ. ಒಂದು ವರ್ಷವಾದರೂ ಅವರನ್ನು ವೇದಿಕೆಯ ಮೇಲೆ ಕುಳ್ಳಿರಿಸಿ, ಅರ್ಧ ಗಂಟೆ ಅವರ ವಿದ್ಯೆಯನ್ನು ಕೇಳಿ, ಆಮೇಲೆ ಪ್ರಶ್ನೆಗಳನ್ನು ಹಾಕೋಣ.

ಮೂರನೆಯದು ನನ್ನ ಸಹಪಾಠಿಗಳಿಗೆ. ನಮ್ಮಲ್ಲಿ ಅನೇಕರು ಮನೆಯಲ್ಲಿ ಮೊದಲ ಪದವೀಧರರು. ಮಗ್ಗ, ಕುಲುಮೆ, ಡೋಲು, ತಿಗರಿ ಇವುಗಳ ನಡುವೆ ಬೆಳೆದವರು. ನಾವು ಬರೆಯಬೇಕಾದ ಪ್ರಬಂಧಗಳಿಗೆ ವಿಷಯವನ್ನು ಹಳೆಯ ಪ್ರಬಂಧಗಳಿಂದ ಎತ್ತಿಕೊಳ್ಳುವುದರ ಬದಲು, ಅಪ್ಪ ಅಮ್ಮಂದಿರು ಬಲ್ಲುದನ್ನು ಕೇಳಿ ಬರೆಯೋಣ. ಅವರು ಬಾಯಲ್ಲಿ ಇಟ್ಟುಕೊಂಡಿರುವ ವಿದ್ಯೆಯನ್ನು ಅಕ್ಷರಕ್ಕೆ ಇಳಿಸುವ ಶಕ್ತಿ ಆ ಮನೆಗಳಲ್ಲಿ ಇಂದು ನಮಗೆ ಇದೆ. ನಾವು ಮಾಡದಿದ್ದರೆ ಬೇರೆಲ್ಲಿಂದಲೋ ಬಂದವರು ಬರೆಯುತ್ತಾರೆ. ನಮ್ಮ ಮನೆಯ ವಿಷಯವನ್ನು ನಾವೇ ಅವರ ಪುಸ್ತಕದಲ್ಲಿ ಓದಬೇಕಾಗುತ್ತದೆ.

ಐವತ್ತರ ಹೊಸ್ತಿಲಲ್ಲಿ ನಿಂತ ಲತೀಫರಿಗೆ ಪುಸ್ತಕ ಹಿಡಿಯಲು ನಾಚಿಕೆಯಾಗಲಿಲ್ಲ. ಇಪ್ಪತ್ತರ ಹೊಸ್ತಿಲಲ್ಲಿ ನಿಂತಿರುವ ನಮಗೆ ನಮ್ಮ ಹಿರಿಯರ ವಾದ್ಯವನ್ನೋ ಉಪಕರಣವನ್ನೋ ಕೈಯಲ್ಲಿ ಹಿಡಿಯಲು ನಾಚಿಕೆ ಏಕಾಗಬೇಕು? ಈ ಪ್ರಶ್ನೆಯನ್ನು ಅಧ್ಯಾಪಕ ವೃಂದದ ಮುಂದೆಯೂ ವಿದ್ಯಾರ್ಥಿಮಿತ್ರರ ಮುಂದೆಯೂ ಇಟ್ಟು ವಿರಮಿಸುತ್ತೇನೆ.